ಮುಲ್ಕಿಯಿಂದ ಮೌಲ್ಯಾಂಕನದವರೆಗೆ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ‘ನಮ್ಮಜ್ಜ ಮುಲ್ಕಿ ಪಾಸಾದವ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಮನೆಗಳು ಈಗಲೂ ಇವೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಏಳನೇ ಇಯತ್ತೆಯ ಕೊನೆಗೆ ನಡೆಯುತ್ತಿದ್ದ ಪರೀಕ್ಷೆಯದು. ಪಾಸಾದವನು ಕನ್ನಡ ಶಾಲೆಯ ಮಾಸ್ತರನಾಗಬಹುದಿತ್ತು, ತಲಾಟಿಯಾಗಬಹುದಿತ್ತು. ಮಗು ತನ್ನ ಭಾಷೆಯನ್ನು ಎಷ್ಟು ಬಲ್ಲದು ಎಂಬ ಪ್ರಶ್ನೆಗೆ ಒಂದು ಮನೆಯ ಅನ್ನದ ಪ್ರಶ್ನೆಯೂ ಅಂಟಿಕೊಂಡಿತ್ತು.

ಹನ್ನೆರಡು-ಹದಿಮೂರರ ಈ ವಯಸ್ಸಿನಲ್ಲಿ ಭಾಷಾಜ್ಞಾನವನ್ನು ಅಳೆಯುವುದು ಹೇಗೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಅದರ ಬೇರು ಹುಡುಕಹೊರಟರೆ ಮುಲ್ಕಿಗಿಂತಲೂ ಹಿಂದಕ್ಕೆ, ಕೂಲಿಮಠಗಳ ಕಾಲಕ್ಕೆ ಹೋಗಬೇಕಾಗುತ್ತದೆ.

ಊರೇ ಪರೀಕ್ಷಕ

ಕೂಲಿಮಠದಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮಗ್ಗಿ ಒಪ್ಪಿಸಿ, ಅಮರಕೋಶ ಉರುಹೊಡೆದು, ಜೈಮಿನಿ ಭಾರತವನ್ನು ರಾಗವಾಗಿ ಓದುವ ಮಟ್ಟಕ್ಕೆ ಬಂದರೆ ವಿದ್ಯೆ ಕೈಗೂಡಿದಂತೆ. ಹಳೆಯ ಮೈಸೂರಿನ ಕಡೆ ಮಹಾನವಮಿ ಬಂತೆಂದರೆ ಐಗಳು ಮಕ್ಕಳನ್ನು ಮನೆಮನೆಗೆ ಕರೆದೊಯ್ದು ಚೌಪದ ಹಾಡಿಸುತ್ತಿದ್ದರು. ಮನೆಯವರು ಕೊಟ್ಟದ್ದೇ ಅವರ ಸಂಭಾವನೆ. ಯಾವ ಮಗುವಿನ ಉಚ್ಚಾರ ಶುದ್ಧ, ಯಾರದು ತಡವರಿಕೆ ಎಂಬುದನ್ನು ಊರೇ ಕೇಳಿ ತೀರ್ಮಾನಿಸುತ್ತಿತ್ತು.

ಹಾಗೆಂದು ಆ ವ್ಯವಸ್ಥೆಯನ್ನು ಆದರ್ಶವೆನ್ನುವಂತಿಲ್ಲ. ಮಠದ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೆ ತೆರೆದಿರಲಿಲ್ಲ. ಹೆಣ್ಣುಮಕ್ಕಳಂತೂ ಅಪರೂಪ. ಬಾಯಿಪಾಠಕ್ಕಿದ್ದ ಬೆಲೆ ಅರ್ಥಕ್ಕಿರಲಿಲ್ಲ.

ಬಂದರು ಡೆಪ್ಯುಟಿ ಸಾಹೇಬರು

1854ರ ಚಾರ್ಲ್ಸ್ ವುಡ್ ವರದಿಯ ನಂತರ ಪ್ರಾಂತಗಳಲ್ಲಿ ಶಿಕ್ಷಣ ಇಲಾಖೆಗಳು ಹುಟ್ಟಿಕೊಂಡವು. ಧಾರವಾಡ, ಬೆಳಗಾವಿ ಸೀಮೆಯ ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದ ಕಾಲವದು. ಅಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಿದವರಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರ ಹೆಸರು ಮೊದಲು ಬರುತ್ತದೆ. ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿ ಶಿಕ್ಷಕರನ್ನು ಅವರು ತಯಾರು ಮಾಡಿದರು. ‘ಡೆಪ್ಯುಟಿ’ ಎಂಬುದು ಶಾಲಾ ತನಿಖೆಯ ಹುದ್ದೆ. ಅದು ಅವರ ಹೆಸರಿನ ಭಾಗವೇ ಆಗಿಹೋಯಿತು. ವೆಂಕಟ ರಂಗೋ ಕಟ್ಟಿಯವರಂಥ ವಿದ್ವಾಂಸರು ಶಾಲೆಗಳಿಗೆ ಬೇಕಾದ ಪುಸ್ತಕಗಳನ್ನು ಬರೆದರು.

ಮುಂಬಯಿ, ಮದ್ರಾಸು ಪ್ರಾಂತಗಳಲ್ಲಿ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿ 19ನೇ ಶತಮಾನದ ಉತ್ತರಾರ್ಧದಲ್ಲಿ ಬಳಕೆಯಲ್ಲಿತ್ತು. ಇದರ ಪರಿಣಾಮ ಸಹಜವೇ. ತನಿಖಾಧಿಕಾರಿ ಏನು ಕೇಳುತ್ತಾರೋ ಅದೇ ಪಾಠವಾಯಿತು. ಉಕ್ತಲೇಖನ ಮತ್ತು ಶುದ್ಧ ಬರಹಕ್ಕೆ ಮಹತ್ವ ಬಂತು.

ಮುಲ್ಕಿ ಈ ವ್ಯವಸ್ಥೆಯ ತುದಿ. ಮೈಸೂರು ಸಂಸ್ಥಾನದಲ್ಲಿ ಇಂಥದೇ ಸ್ಥಾನ ಲೋಯರ್ ಸೆಕೆಂಡರಿ ಪರೀಕ್ಷೆಗಿತ್ತು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಎಂಬ ನಿಯಮದಿಂದ ರೈತರ ಮಕ್ಕಳಿಗೂ ಸರ್ಕಾರಿ ಚಾಕರಿಯ ದಾರಿ ತೆರೆಯಿತು. ಇದು ಸಣ್ಣ ಲಾಭವಲ್ಲ. ನಷ್ಟವೂ ಇತ್ತು. ಚೌಪದ ಹಾಡುತ್ತಿದ್ದ ಬಾಯಿಗೆ, ಅದನ್ನು ಕೇಳುತ್ತಿದ್ದ ಕಿವಿಗೆ ಪ್ರಶ್ನೆಪತ್ರಿಕೆಯಲ್ಲಿ ಜಾಗವಿರಲಿಲ್ಲ. ಮನೆಯಲ್ಲಿ ಆಡುವ ಕನ್ನಡ ಉತ್ತರಪತ್ರಿಕೆಯಲ್ಲಿ ‘ತಪ್ಪು’ ಎನಿಸಿಕೊಂಡಿತು.

ಎಷ್ಟು ಅಂಕ, ಯಾವುದಕ್ಕೆ ಅಂಕ?

ಏಕೀಕರಣದ ನಂತರ ವಾದ ಬೇರೆ ದಿಕ್ಕು ಹಿಡಿಯಿತು. ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡು ಕನ್ನಡವನ್ನು ಬಿಡಲು ಅವಕಾಶವಿತ್ತು. 1980ರಲ್ಲಿ ರಚನೆಯಾದ ವಿ.ಕೃ. ಗೋಕಾಕ್ ಸಮಿತಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕವಿರಬೇಕು ಎಂದು 1981ರಲ್ಲಿ ಶಿಫಾರಸು ಮಾಡಿತು. 1982ರಲ್ಲಿ ಡಾ. ರಾಜ್‌ಕುಮಾರ್ ಚಳವಳಿಗೆ ಇಳಿದಾಗ ಅಂಕಗಳ ಲೆಕ್ಕ ಬೀದಿಯ ಮಾತಾಯಿತು. ಆದರೆ ಆ ಅಂಕಗಳು ಮಗುವಿನ ಯಾವ ಸಾಮರ್ಥ್ಯವನ್ನು ಅಳೆಯಬೇಕೆಂಬ ಪ್ರಶ್ನೆ ಅಷ್ಟು ಜೋರಾಗಿ ಕೇಳಿಬರಲಿಲ್ಲ.

ಆ ಪ್ರಶ್ನೆಯನ್ನು ಎತ್ತಿಕೊಂಡದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ. ಎಂಟನೇ ತರಗತಿಯವರೆಗೆ ಯಾರನ್ನೂ ನಪಾಸು ಮಾಡಬಾರದು, ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ನಡೆಯಬೇಕು ಎಂದು ಅದು ವಿಧಿಸಿತು. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಪರೀಕ್ಷೆಗಳು ಕರ್ನಾಟಕದಲ್ಲಿ ಬಂದವು. ಆಲಿಸುವುದು, ಮಾತನಾಡುವುದು ಮತ್ತೆ ಶಿಕ್ಷಕರ ದಾಖಲೆ ಪುಸ್ತಕ ಸೇರಿದವು. ಅರವತ್ತು ಮಕ್ಕಳಿರುವ ತರಗತಿಯಲ್ಲಿ ಒಬ್ಬೊಬ್ಬರ ಮಾತನ್ನೂ ಕೇಳಿ ಅಂಕ ಕೊಡುವುದು ಸುಲಭವಲ್ಲ. ಕೇಳದೆಯೇ ದಾಖಲೆ ತುಂಬುವ ಅಪಾಯ ಇರುವುದೂ ಇಲ್ಲಿಯೇ.

2019ರ ತಿದ್ದುಪಡಿ ಐದು, ಎಂಟನೇ ತರಗತಿಗಳಿಗೆ ಪರೀಕ್ಷೆಯನ್ನು ಮರಳಿ ತಂದಿತು. 2023ರಲ್ಲಿ ರಾಜ್ಯ ಈ ತರಗತಿಗಳಿಗೆ ಮಂಡಳಿ ಮಟ್ಟದ ಮೌಲ್ಯಾಂಕನ ನಡೆಸಹೊರಟಾಗ ವಿವಾದ ಹೈಕೋರ್ಟ್ ಮೆಟ್ಟಿಲೇರಿತು. ಮರುವರ್ಷದ ಪರೀಕ್ಷೆಯ ಫಲಿತಾಂಶಕ್ಕೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು.

ಪರೀಕ್ಷೆ ಬೇಕೇ ಬೇಡವೇ ಎಂಬುದನ್ನು ನ್ಯಾಯಾಲಯ ಹೇಳಬಹುದು. ಪರೀಕ್ಷೆಯಲ್ಲಿ ಏನನ್ನು ಕೇಳಬೇಕೆಂಬುದನ್ನು ಶಾಲೆಯೇ ನಿರ್ಧರಿಸಬೇಕು. ಮುಲ್ಕಿ ಎಲ್ಲರಿಗೂ ಒಂದೇ ಅಳತೆ ತಂದಿತು. ಚೌಪದ ಮಗುವಿನ ದನಿಯನ್ನು ಊರಿಗೆ ಕೇಳಿಸಿತು. ಈ ಎರಡನ್ನೂ ಒಟ್ಟಿಗೆ ತರುವ ಕೆಲಸ ಕನ್ನಡ ಶಾಲೆಯ ಮುಂದೆ ಇನ್ನೂ ಬಾಕಿ ಇದೆ.