ಉಸಿರು ಕಟ್ಟಿದ ಜೀವಕೋಶಗಳು

ಗಂಟಲಿನ ಕ್ಯಾನ್ಸರಿಗೆ ಕಿರಣಚಿಕಿತ್ಸೆ ಮಾಡಿಸಿಕೊಂಡ ಮೇಲೆ ನನ್ನ ಸೋದರಮಾವನವರಿಗೆ ವರ್ಷವಿಡೀ ಗಂಜಿಯೇ ಗತಿಯಾಯಿತು. ರೋಗ ಹೋಯಿತು, ಜೊತೆಗೆ ಬಾಯಿಯ ತೇವವೂ ನಾಲಗೆಯ ರುಚಿಯೂ ಹೋದುವು. "ಇಷ್ಟು ಸುಡಲೇಬೇಕಾಗಿತ್ತೇನಯ್ಯ?" ಎಂದು ಅವರು ಕೇಳಿದರು. ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಓದಿ ತಿಳಿದದ್ದಿಷ್ಟು.

ರೇಡಿಯಂ ಸಾಧನವನ್ನು ಚರ್ಮಕ್ಕೆ ಅದುಮಿ ಹಿಡಿದರೆ ಸುಡುವುದು ಕಡಿಮೆ ಎಂಬುದನ್ನು 1909ರಲ್ಲಿಯೇ ಶ್ವಾರ್ಟ್ಸ್ ಎಂಬ ವೈದ್ಯರು ಕಂಡಿದ್ದರು. ಅದುಮಿದಲ್ಲಿ ರಕ್ತ ಹರಿಯದು. ರಕ್ತವಿಲ್ಲದಲ್ಲಿ ಆಮ್ಲಜನಕವಿಲ್ಲ. ಕಿರಣ ಮಾಡಿದ ಗಾಯ ಮಾಯದಂತೆ ಮಾಡುವುದು ಆಮ್ಲಜನಕವೇ. ಅದಿಲ್ಲದ ಜೀವಕೋಶವನ್ನು ಕೊಲ್ಲಲು ಸುಮಾರು ಮೂರು ಪಾಲು ಕಿರಣ ಬೇಕು.

ಇದರ ಮಹತ್ವವನ್ನು 1953ರಲ್ಲಿ ಎತ್ತಿ ತೋರಿಸಿದವರು ಲಂಡನ್ನಿನ ಗ್ರೇ ಮತ್ತು ಸಂಗಡಿಗರು. ಗ್ರೇ ವೈದ್ಯರಲ್ಲ, ಭೌತವಿಜ್ಞಾನಿ. 1955ರಲ್ಲಿ ಅವರೂ ಥಾಮ್ಲಿನ್‌ಸನ್ ಅವರೂ ಶ್ವಾಸಕೋಶದ ಕ್ಯಾನ್ಸರಿನ ತೆಳು ಪದರಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಅಳೆದರು. ರಕ್ತನಾಳದ ಮಗ್ಗುಲಲ್ಲಿ ಜೀವಕೋಶಗಳು ಸೊಂಪಾಗಿದ್ದುವು. ಒಂದು ಮಿಲಿಮೀಟರಿನ ಆರನೆಯ ಒಂದು ಪಾಲಿನಷ್ಟು ದೂರ ಸರಿದರೆ ಬರಿಯ ಹೆಣಗಳು. ಈ ಎರಡರ ನಡುವೆ, ಏದುಸಿರು ಬಿಡುತ್ತ ಬದುಕಿರುವ ಒಂದು ಸಾಲು ಇರಬೇಕೆಂದು ಅವರು ತರ್ಕಿಸಿದರು. ಕಿರಣಕ್ಕೆ ಜಗ್ಗದೆ ಉಳಿದು ಮತ್ತೆ ತಲೆಯೆತ್ತಬಲ್ಲದ್ದು ಆ ಸಾಲು.

ಲಂಡನ್ನಿನಲ್ಲಿಯೇ ರೋಗಿಯನ್ನು ಉಕ್ಕಿನ ತೊಟ್ಟಿಯಲ್ಲಿ ಮಲಗಿಸಿ, ಒತ್ತಡದಲ್ಲಿ ಆಮ್ಲಜನಕ ಕುಡಿಸಿ ಕಿರಣ ಹಾಯಿಸಿ ನೋಡಿದ್ದೂ ಉಂಟು. ಆದರೆ ಯಾರ ಗಡ್ಡೆಯಲ್ಲಿ ಈ ಅರೆಜೀವಗಳಿವೆ, ಯಾರಲ್ಲಿ ಇಲ್ಲ?

ಅದನ್ನು ಕಾಣಿಸಿದ್ದು ಫ್ಲೋರೋಮಿಸೋನಿಡಜೋಲ್ ಎಂಬ ಬಾಯಿಗೆ ಎಡವುವ ಹೆಸರಿನ ವಸ್ತು. ಆಮ್ಲಜನಕವಿರುವ ಜೀವಕೋಶದಿಂದ ಅದು ಹೊರಬೀಳುತ್ತದೆ; ಇಲ್ಲದಲ್ಲಿ ಅಂಟಿಕೊಳ್ಳುತ್ತದೆ. ಅದರೊಳಗಿನ ವಿಕಿರಣಶೀಲ ಫ್ಲೋರಿನ್ನನ್ನು ಪೆಟ್ ಯಂತ್ರ ಗುರುತಿಸುತ್ತದೆ. 2006ರಲ್ಲಿ ಆಸ್ಟ್ರೇಲಿಯದ ವೈದ್ಯರು ತಲೆ-ಕುತ್ತಿಗೆ ಕ್ಯಾನ್ಸರಿನ 45 ರೋಗಿಗಳ ಫಲವನ್ನು ಪ್ರಕಟಿಸಿದರು. ಉಸಿರು ಕಟ್ಟಿದ ಗಡ್ಡೆಯಿದ್ದು ವಾಡಿಕೆಯ ಚಿಕಿತ್ಸೆ ಪಡೆದ 13 ಮಂದಿಯಲ್ಲಿ 8 ಮಂದಿಗೆ ಆ ಭಾಗದಲ್ಲಿಯೇ ರೋಗ ಹಿಡಿತ ತಪ್ಪಿತು. ಅಂಥ ಜೀವಕೋಶಗಳನ್ನೇ ಕೊಲ್ಲುವ ತಿರಪಜಮೀನ್ ಪಡೆದ 19 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಆದರೆ 861 ಮಂದಿಯ ದೊಡ್ಡ ಪರೀಕ್ಷೆಯಲ್ಲಿ ಚಿತ್ರ ನೋಡಿ ಆರಿಸಲಿಲ್ಲ. 2010ರಲ್ಲಿ ಬಂದ ಫಲ ಸೊನ್ನೆ! ಔಷಧ ಮೂಲೆ ಸೇರಿತು. ನೋಡುವ ಕಣ್ಣಿದ್ದೂ ಮುಚ್ಚಿಕೊಂಡರಲ್ಲ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ವೈದ್ಯರು ಇದೇ ಚಿತ್ರವನ್ನು ತಿರುಗಿಸಿ ಬಳಸಿದರು. ಪ್ಯಾಪಿಲೋಮ ವೈರಸ್ಸಿನಿಂದ ಬಂದ ಗಂಟಲಿನ ಕ್ಯಾನ್ಸರಿನಲ್ಲಿ, ಮೂಲದ ಗಡ್ಡೆಯನ್ನು ಕೊಯ್ದು ತೆಗೆದ ಮೇಲೆ, ಕುತ್ತಿಗೆಯ ಗಂಟುಗಳಲ್ಲಿ ಆಮ್ಲಜನಕದ ಬರವಿಲ್ಲವೆಂದು ಕಂಡವರಿಗೆ 70ರ ಬದಲು 30 ಗ್ರೇ ಕಿರಣ ಸಾಕೆಂದರು. (ಈ ಅಳತೆಗೆ 1975ರಲ್ಲಿ ಇಟ್ಟ ಹೆಸರು ಆ ಭೌತವಿಜ್ಞಾನಿಯದೇ, ಅವರು ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು.) 2024ರಲ್ಲಿ ಪ್ರಕಟವಾದ ಫಲದಂತೆ, ಹೀಗೆ ಕಡಿಮೆ ಕಿರಣ ಪಡೆದವರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ಎರಡು ವರ್ಷದವರೆಗೆ ಆ ಭಾಗದಲ್ಲಿ ರೋಗ ಮರುಕಳಿಸಲಿಲ್ಲ.

ಮಾವನವರದು ಹೊಗೆಸೊಪ್ಪಿನಿಂದ ಬಂದ ರೋಗ. ಈ ಪರೀಕ್ಷೆ ಅಂಥವರಿಗಾಗಿ ನಡೆದದ್ದಲ್ಲ. ಅದನ್ನೂ ಅವರಿಗೆ ಹೇಳಿದೆ. "ಹಾಗಾದರೆ ಎಪ್ಪತ್ತೇ ಸರಿ ಅನ್ನು" ಎಂದು ಗಂಜಿಯ ಲೋಟ ಎತ್ತಿಕೊಂಡರು.