ಬಿದಿರ ದಬ್ಬೆ, ಕಾರ್ಬನ್ ನಾರು ಮತ್ತು ಕಾವೇರಿಯ ಬಿಳಿಮೀನು

1873ರಲ್ಲಿ ಮಂಗಳೂರಿನಲ್ಲಿ ಒಂದು ಇಂಗ್ಲಿಷ್ ಪುಸ್ತಕ ಅಚ್ಚಾಯಿತು. ಹೆಸರು ‘ದಿ ರಾಡ್ ಇನ್ ಇಂಡಿಯಾ’. ಬರೆದವರು ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್. ಭಾರತದ ಹೊಳೆಗಳಲ್ಲಿ ಗಾಳ ಹಾಕುತ್ತಿದ್ದ ಬ್ರಿಟಿಷರಿಗೆ ಅದು ಮುಂದೆ ಹಲವು ದಶಕಗಳ ಕಾಲ ಕೈಪಿಡಿಯಾಯಿತು. ಕಾವೇರಿ ದಡದವರು ಬಿಳಿಮೀನು ಎನ್ನುವ ಮಶೀರ್, ಗಾತ್ರಕ್ಕೆ ತಕ್ಕ ಸೆಣಸಾಟದಲ್ಲಿ ತಮ್ಮ ನಾಡಿನ ಸಾಲ್ಮನ್‌ಗಿಂತ ಮೇಲು ಎಂಬುದು ಥಾಮಸರ ತೀರ್ಪಾಗಿತ್ತು. ಅಂಥ ಮೀನನ್ನು ಹಿಡಿಯಲು ಎಂಥ ಕೋಲು ಬೇಕು ಎಂಬ ಚರ್ಚೆ ಅಂದಿನಿಂದ ನಿಂತಿಲ್ಲ. ಈಗ ಅದು ಬಿದಿರೋ ಗ್ರಾಫೈಟೋ ಎಂಬಲ್ಲಿಗೆ ಬಂದಿದೆ.

ಈ ಚರ್ಚೆ ಹೆಚ್ಚಾಗಿ ನಡೆಯುವುದು ಫ್ಲೈ ಫಿಶಿಂಗ್ ಮಾಡುವವರ ನಡುವೆ. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡಿನ ಅಥವಾ ಎರೆಯ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಗಾಳದ ತುದಿಯಲ್ಲಿರುವುದು ಗರಿ, ಕೂದಲು, ರೇಷ್ಮೆ ಸುತ್ತಿ ಮಾಡಿದ ಹುಸಿ ಹುಳು. ಅದಕ್ಕೆ ತೂಕವೇ ಇಲ್ಲ. ಹಾಗಾಗಿ ದಪ್ಪ ದಾರದ ಭಾರವನ್ನೇ ಗಾಳಿಯಲ್ಲಿ ಬೀಸಿ ಹುಳುವನ್ನು ದೂರ ಕಳಿಸಬೇಕು. ಇಲ್ಲಿ ಕೋಲು ಸ್ಪ್ರಿಂಗಿನಂತೆ ಬಾಗಿ, ಶಕ್ತಿ ಕೂಡಿಟ್ಟು, ಚಿಮ್ಮಿ ನೆಟ್ಟಗಾಗಬೇಕು. ಅದನ್ನು ಯಾವುದರಿಂದ ಮಾಡಿದ್ದಾರೆ ಎಂಬುದು ಅಷ್ಟು ಮುಖ್ಯವಾಗುವುದು ಈ ಕಾರಣಕ್ಕೆ.

ಬಿದಿರಿನ ಕೋಲು ಎಂದಾಗ ಮೆಳೆಯಿಂದ ಕಡಿದು ತಂದ ಗಳ ಕಣ್ಣಮುಂದೆ ಬರಬಹುದು. ಫ್ಲೈ ಫಿಶಿಂಗ್‌ನ ಬಿದಿರು ಬೇರೆ ತರಹದ್ದು. ಬಿದಿರಿನ ಬಲ ಅದರ ಹೊರಪದರದಲ್ಲಿದೆ, ಒಳಗಿನ ತಿರುಳಿನಲ್ಲಲ್ಲ. ಬುಟ್ಟಿ ಹೆಣೆಯುವ ಮೇದಾರರಿಗೆ ಇದು ಹೊಸ ಸಂಗತಿಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬಂದೂಕು ಮಾಡುತ್ತಿದ್ದ ಸ್ಯಾಮ್ಯುಯೆಲ್ ಫಿಲಿಪ್ 1840ರ ದಶಕದಲ್ಲಿ ಬಿದಿರನ್ನು ಸೀಳಿ, ಹೊರಪದರದ ದಬ್ಬೆಗಳನ್ನು ಅಂಟಿಸಿ ಕೋಲು ಮಾಡತೊಡಗಿದರು. ಮೇನ್ ರಾಜ್ಯದ ಹೈರಮ್ ಲಿಯೊನಾರ್ಡ್ ದಬ್ಬೆಗಳನ್ನು ಕರಾರುವಾಕ್ಕಾಗಿ ಕೊರೆಯುವ ಯಂತ್ರ ಕಟ್ಟಿದರು. ತ್ರಿಕೋನಾಕಾರದ ಆರು ದಬ್ಬೆಗಳು ಸೇರಿ ಷಟ್ಕೋನದ ಕೋಲಾಗುತ್ತಿತ್ತು. ಇಂಗ್ಲೆಂಡಿನ ಹಾರ್ಡಿ ಸಹೋದರರ ಕಂಪನಿ ಅದೇ ಬಗೆಯ ಕೋಲುಗಳಿಂದ ಹೆಸರು ಮಾಡಿತು. ಇಂದು ಪರಂಪರೆ ಎನಿಸಿಕೊಂಡಿರುವ ಈ ಕೋಲು ತನ್ನ ಕಾಲದಲ್ಲಿ ಕಾರ್ಖಾನೆಯ ಹೊಸ ಸರಕಾಗಿತ್ತು.

ಅದರ ಕಚ್ಚಾಮಾಲು ಮೊದಲು ಹೋದದ್ದು ಭಾರತದಿಂದ. ವ್ಯಾಪಾರಿಗಳು ಅದನ್ನು ಕಲ್ಕತ್ತಾ ಕೇನ್ ಎಂದು ಕರೆದರು. ಅದನ್ನು ಸಾಮಾನ್ಯವಾಗಿ ನಮ್ಮ ಕಿರುಬಿದಿರಿನ ಜಾತಿ ಎಂದು ಗುರುತಿಸುತ್ತಾರೆ. ಲಾಠಿಗೆ ಬಳಸುವ ಈ ಗಟ್ಟಿ ಬಿದಿರು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಒಣಕಾಡುಗಳಲ್ಲೂ ಬೆಳೆಯುತ್ತದೆ. ಹಡಗು ಹತ್ತಿ ಹೋದ ಬಿದಿರು ದುಬಾರಿ ಕೋಲಾಗಿ ಸಾಹೇಬರ ಸಾಮಾನಿನೊಂದಿಗೆ ಮತ್ತೆ ಭಾರತದ ಹೊಳೆಗಳಿಗೆ ಬರುತ್ತಿತ್ತು. ಆದರೆ ಅದನ್ನು ಹಿಡಿದಿಟ್ಟಿದ್ದು ಪ್ರಾಣಿಗಳ ಚರ್ಮದಿಂದ ಕಾಸಿದ ಅಂಟು. ತೇವ ತಾಗಿದರೆ ಅದು ಮೆತ್ತಗಾಗುತ್ತದೆ. ಅದಕ್ಕೇ ಕೋಲಿನ ಉದ್ದಕ್ಕೂ ಅಲ್ಲಲ್ಲಿ ರೇಷ್ಮೆ ದಾರ ಬಿಗಿದು ವಾರ್ನಿಷ್ ಬಳಿಯುತ್ತಿದ್ದರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತಾ ಬಿದಿರಿನ ಜಾಗಕ್ಕೆ ಚೀನಾದ ಬಿದಿರು ಬಂತು. ಟೊಂಕಿನ್ ಎಂಬ ಹೆಸರು ಅಂಟಿಕೊಂಡರೂ ಅದು ಬೆಳೆಯುವುದು ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಸೀಮೆಯಲ್ಲಿ. ಅದರ ಗಳ ನೆಟ್ಟಗೆ, ಗಿಣ್ಣು ಸಣ್ಣದು, ಹೊರಪದರದ ನಾರು ದಟ್ಟ. 1931ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟ ಅಮೆರಿಕದ ಸಸ್ಯವಿಜ್ಞಾನಿ ಫ್ಲಾಯ್ಡ್ ಮೆಕ್ಲೂರ್ ‘ಪ್ರೀತಿಗೆ ಪಾತ್ರವಾದದ್ದು’ ಎಂಬ ಅರ್ಥದ ಲ್ಯಾಟಿನ್ ಪದ ಆರಿಸಿಕೊಂಡರು.

ಆ ಬಿದಿರಿಗೆ ಪೆಟ್ಟು ಬಿದ್ದದ್ದು ರಾಜಕಾರಣದಿಂದ. ಕೊರಿಯಾ ಯುದ್ಧದ ಸಮಯದಲ್ಲಿ, 1950ರ ಕೊನೆಗೆ, ಅಮೆರಿಕ ಚೀನಾದೊಂದಿಗಿನ ವ್ಯಾಪಾರ ನಿಲ್ಲಿಸಿತು. ನಿರ್ಬಂಧ ಸಡಿಲವಾದದ್ದು 1971ರಲ್ಲಿ. ಅಷ್ಟರೊಳಗೆ ಗಾಜಿನ ನಾರಿನ ಅಗ್ಗದ ಕೋಲು ಪೇಟೆ ಹಿಡಿದಾಗಿತ್ತು. ಅದರ ಬೆನ್ನಿಗೇ ಕಾರ್ಬನ್ ಬಂತು. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಸಂಸ್ಥೆಯವರು ಹಗುರವೂ ಬಿಗಿಯೂ ಆದ ಕಾರ್ಬನ್ ನಾರು ಮಾಡುವ ವಿಧಾನ ರೂಪಿಸಿದ್ದರು. ಅದರ ಆರಂಭದ ಗಿರಾಕಿಗಳಲ್ಲಿ ಗಾಲ್ಫ್ ಕೋಲು, ಗಾಳದ ಕೋಲು ಮಾಡುವವರೂ ಇದ್ದರು. 1970ರ ದಶಕದ ಮೊದಲ ವರ್ಷಗಳಲ್ಲಿ ಫೆನ್ವಿಕ್ ಕಂಪನಿ ಮಾರುಕಟ್ಟೆಗೆ ಬಿಟ್ಟ ಕೋಲುಗಳಿಂದ ‘ಗ್ರಾಫೈಟ್’ ಎಂಬ ಹೆಸರು ಜನಪ್ರಿಯವಾಯಿತು.

ಕಾರ್ಬನ್ ನಾರು ಗಾಜಿನ ನಾರಿಗಿಂತ ಸುಮಾರು ಮೂರು ಪಟ್ಟು ಬಿಗಿ. ರಾಳದಲ್ಲಿ ಅದ್ದಿದ ನಾರಿನ ಹಾಳೆಯನ್ನು ಉಕ್ಕಿನ ಸಲಾಕೆಗೆ ಸುತ್ತಿ, ಒಲೆಯಲ್ಲಿ ಬೇಯಿಸಿ, ಸಲಾಕೆ ಎಳೆದು ತೆಗೆದರೆ ಟೊಳ್ಳಾದ ಹಗುರ ಕೋಲು ಸಿಗುತ್ತದೆ. ಉದ್ದದುದ್ದ ನಾರು, ನಾರನ್ನು ಹಿಡಿದಿಡುವ ರಾಳ, ಒಳಗೆ ಟೊಳ್ಳು: ಬಿದಿರಿನ ಗಳವೂ ಹೀಗೇ ಕಟ್ಟಿಕೊಂಡಿದೆ. ಗ್ರಾಫೈಟ್ ಬೇಗ ಚಿಮ್ಮುತ್ತದೆ, ಎದುರುಗಾಳಿಯಲ್ಲೂ ದೂರ ಎಸೆಯುತ್ತದೆ, ದಿನವಿಡೀ ಬೀಸಿದರೂ ತೋಳು ಸೋಲದು. ಬಿದಿರು ನಿಧಾನವಾಗಿ, ಬುಡದವರೆಗೂ ಬಾಗುತ್ತದೆ. ಸಣ್ಣ ಹೊಳೆಯಲ್ಲಿ ಹುಳುವನ್ನು ಮೆಲ್ಲಗೆ ಇಳಿಸಲು, ಮೀನಿನ ಜಗ್ಗಾಟಕ್ಕೆ ತೆಳು ದಾರ ತುಂಡಾಗದಂತೆ ಕಾಯಲು ಅದು ಒಳ್ಳೆಯದು. ಒಂದು ಬಿದಿರು ಕೋಲಿಗೆ ಕುಶಲಕರ್ಮಿಯ ವಾರಗಟ್ಟಲೆಯ ಕೈಕೆಲಸ ಬೇಕು. ಬೆಲೆಯೂ ಹಾಗೆಯೇ.

ಕಾವೇರಿಯ ಲೆಕ್ಕವೇ ಬೇರೆ. ಅಲ್ಲಿನ ದೈತ್ಯ ಮಶೀರ್‌ಗಳಿಗೆ ಹುಸಿ ಹುಳುವಿಗಿಂತ ಹೆಚ್ಚಾಗಿ ರಾಗಿ ಮುದ್ದೆಯನ್ನೋ ಲೋಹದ ಚಮಚವನ್ನೋ ಗಾಳಕ್ಕೆ ಸಿಕ್ಕಿಸುತ್ತಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗುವ ಮಶೀರ್ ಹಿಡಿದರು. ಕಾರ್ಬನ್ ಕೋಲು ಬರಲು ಇನ್ನೂ ಕಾಲು ಶತಮಾನವಿತ್ತು. ಆಮೇಲೆ ಕೋಲು ಹಗುರವಾಯಿತು, ದಾರ ಗಟ್ಟಿಯಾಯಿತು, ಹಿಡಿದ ಮೀನನ್ನು ತೂಗಿ ಬಿಟ್ಟುಬಿಡುವ ರೂಢಿ ಬಂತು. ಬಲವಾದ ಕೋಲು ಅಲ್ಲಿ ಮೀನಿಗೂ ಒಳ್ಳೆಯದು: ಬೇಗ ದಡಕ್ಕೆ ಬಂದ ಮೀನು ದಣಿದು ಸಾಯುವ ಸಂಭವ ಕಡಿಮೆ.

ಆದರೂ ಮೀನು ಉಳಿಯಲಿಲ್ಲ. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದಿನ ಜೊತೆಗೆ ಉಪಕಾರದ ಮುಖ ಹೊತ್ತ ಇನ್ನೊಂದು ಅಪಾಯವೂ ಬಂತು. ಮುಂಬಯಿಯಿಂದ ಠಾಣೆ, ಮುಂಬ್ರಾ, ಕಲ್ಯಾಣ ದಾಟಿ ಘಟ್ಟ ಹತ್ತುವ ರೈಲು ಲೋಣಾವಳಾ ಮುಟ್ಟುತ್ತದೆ. ಅಲ್ಲಿ, ಮುಂಬಯಿಗೆ ವಿದ್ಯುತ್ ಕೊಡಲು ಟಾಟಾ ಕಂಪನಿ ಕಟ್ಟಿದ ಕೆರೆಗಳ ಪಕ್ಕದಲ್ಲಿ, 1970ರ ದಶಕದಿಂದ ನೀಲಿ ರೆಕ್ಕೆಯ ಮಶೀರ್ ಮರಿಗಳನ್ನು ಬೆಳೆಸಿ ಬೇರೆ ರಾಜ್ಯಗಳಿಗೂ ಕೊಡುತ್ತಿದ್ದರು. ಮಶೀರ್ ಉಳಿಯಲಿ ಎಂಬ ಸದುದ್ದೇಶದಿಂದ ಆ ಜಾತಿಯನ್ನು ಕಾವೇರಿಗೂ ಬಿಡಲಾಯಿತು. ಕಾವೇರಿಯ ಸ್ವಂತ ಮಶೀರ್ ಬೇರೆಯದೇ ಜಾತಿ, ಬೆನ್ನಿನಲ್ಲಿ ಡುಬ್ಬವಿರುವಂಥದ್ದು. ಗಾಲಿಬೋರೆ ಶಿಬಿರದ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ನೀಲಿ ರೆಕ್ಕೆಯ ಮೀನು ಹೆಚ್ಚುತ್ತಾ, ಡುಬ್ಬದ ಮೀನು ಇಳಿಯುತ್ತಾ ಹೋದದ್ದು ಕಂಡಿತು. 2018ರಲ್ಲಿ ಡುಬ್ಬದ ಮಶೀರ್‌ಗೆ ‘ಟಾರ್ ರೆಮಾದೇವಿ’ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯನ್ನೂ ಸೇರಿತು.

ಥಾಮಸ್ ಕೋಲಿನ ಬಗ್ಗೆ ಬರೆಯುವ ಮೊದಲೇ, 1870ರಲ್ಲಿ, ದಕ್ಷಿಣ ಕನ್ನಡದ ಮೀನು ಸಾಕಣೆಯ ಕುರಿತು ವರದಿ ಪ್ರಕಟಿಸಿದ್ದರು. ಮರಿಮೀನುಗಳನ್ನು ಬಾಚಿಕೊಂಡರೆ ಹೊಳೆ ಬರಿದಾಗುತ್ತದೆ ಎಂಬುದು ಅವರ ಕಳವಳವಾಗಿತ್ತು. ನೀರಿಗೆ ವಿಷ ಹಾಕುವುದನ್ನೂ ಸಿಡಿಮದ್ದು ಸಿಡಿಸುವುದನ್ನೂ ನಿಷೇಧಿಸುವ ಭಾರತೀಯ ಮೀನುಗಾರಿಕೆ ಕಾಯಿದೆ ಬಂದದ್ದು 1897ರಲ್ಲಿ. ಮುರಿದ ಬಿದಿರು ಕೋಲಿಗೆ ಬದಲಿ ದಬ್ಬೆ ಸಿಗುತ್ತದೆ, ಮುರಿದ ಗ್ರಾಫೈಟ್ ಕೋಲಿಗೆ ಅಂಗಡಿಯಲ್ಲಿ ಹೊಸದು ಸಿಗುತ್ತದೆ. ಡುಬ್ಬದ ಮಶೀರ್‌ಗೆ ಇರುವುದು ಕಾವೇರಿ ಮತ್ತು ಅದರ ಉಪನದಿಗಳು ಮಾತ್ರ.