ಶತಕಕ್ಕೆ ಮೂರು ರನ್ ಕಮ್ಮಿ

91 ಟೆಸ್ಟ್, 6080 ರನ್, 14 ಶತಕ, ಸರಾಸರಿ 41.93. ನಮ್ಮ ಗುಂಡಪ್ಪ ವಿಶ್ವನಾಥ್ ಅವರ ಲೆಕ್ಕ ಇಷ್ಟು. ಐವತ್ತರ ಮೇಲಿನ ಸರಾಸರಿ ನೋಡಿಯೇ ಬೆಳೆದ ನಮ್ಮ ಪೀಳಿಗೆಯವರು "ಇಷ್ಟೇನಾ?" ಅಂತಾರೆ. ದಿನವಿಡೀ ಡೇಟಾಬೇಸ್ ಜೊತೆ ಗುದ್ದಾಡುವ ನನಗೂ ಅಂಕಿ-ಅಂಶ ಅಂದ್ರೆ ಪ್ರೀತಿಯೇ. ಆದ್ರೆ ಸರಾಸರಿಗೆ ಒಂದು ರೋಗ ಇದೆ. ಯಾವ ರನ್ ಯಾವಾಗ ಬಂತು ಅಂತ ಅದು ಹೇಳೋದೇ ಇಲ್ಲ.

ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ವಿಶಿ, ರಣಜಿಯ ಮೊದಲ ಪಂದ್ಯದಲ್ಲೇ ಆಂಧ್ರದ ವಿರುದ್ಧ 230 ಹೊಡೆದವರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್. ಮೊದಲ ಇನಿಂಗ್ಸಲ್ಲಿ ಸೊನ್ನೆ, ಎರಡನೆಯದರಲ್ಲಿ 137! ಆಗ ಒಂದು ಶಾಪದ ಮಾತು ಚಾಲ್ತಿಯಲ್ಲಿತ್ತು. ಮೊದಲ ಟೆಸ್ಟಲ್ಲೇ ಶತಕ ಹೊಡೆದ ಭಾರತೀಯ ಇನ್ನೊಂದು ಶತಕ ಹೊಡೆಯೋದಿಲ್ಲ ಅಂತ. ಲಾಲಾ ಅಮರನಾಥರಿಂದ ಹನುಮಂತ ಸಿಂಗ್‌ವರೆಗೆ ಹಾಗೇ ಆಗಿತ್ತು. 1973ರಲ್ಲಿ ಮುಂಬೈನಲ್ಲಿ ಇಂಗ್ಲೆಂಡ್ ವಿರುದ್ಧ 113 ಹೊಡೆದು ವಿಶಿ ಅದನ್ನ ಮುರಿದರು. ಎದುರಾಳಿ ಟೋನಿ ಗ್ರೆಗ್ ಈ ಕುಳ್ಳನನ್ನ ಮಗುವಿನ ಹಾಗೆ ಎತ್ತಿಕೊಂಡು ತೂಗಿದರು.

ಆದ್ರೆ ನಾನು ಹೇಳಬೇಕಿರೋದು ಶತಕ ಅಲ್ಲದ ಒಂದು ಇನಿಂಗ್ಸ್ ಬಗ್ಗೆ. 1974-75ರಲ್ಲಿ ಕ್ಲೈವ್ ಲಾಯ್ಡ್ ತಂಡ ಬೆಂಗಳೂರು, ದೆಹಲಿ ಎರಡೂ ಟೆಸ್ಟ್ ಗೆದ್ದಿತ್ತು. ಗಾಯದಿಂದಾಗಿ ಗವಾಸ್ಕರ್ ತಂಡದಲ್ಲಿಲ್ಲ. ಕಲ್ಕತ್ತೆಯಲ್ಲಿ ವಿಶಿಯ 139, ಭಾರತಕ್ಕೆ ಗೆಲುವು. ಆಮೇಲೆ 1975ರ ಜನವರಿ, ಮದ್ರಾಸಿನ ಚೆಪಾಕ್. ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತರು. ಭಾರತ 190ಕ್ಕೆ ಆಲೌಟ್. ಅದರಲ್ಲಿ ವಿಶಿಯದೇ ಔಟಾಗದೆ 97! ಎದೆಯೆತ್ತರಕ್ಕೆ ಬರೋ ಚೆಂಡನ್ನ ಮಣಿಕಟ್ಟು ತಿರುಗಿಸಿ ಸ್ಕ್ವೇರ್ ಕಟ್ ಮಾಡ್ತಾ, ಬಾಲಂಗೋಚಿಗಳನ್ನ ಕಟ್ಟಿಕೊಂಡು ಆಡಿದರು. ಕೊನೆಗೆ ನಮ್ಮ ಚಂದ್ರಶೇಖರ್ ಔಟಾದಾಗ ಶತಕಕ್ಕೆ ಮೂರು ರನ್ ಕಮ್ಮಿ. ಎಕ್ಸೆಲ್ ಶೀಟಲ್ಲಿ ಶತಕದ ಕಾಲಮ್ಮಿಗೆ ಇದು ಬೀಳೋದೇ ಇಲ್ಲ, ನೋಡಿ. ಆ ಟೆಸ್ಟನ್ನ ಭಾರತ 100 ರನ್ನಿಂದ ಗೆದ್ದಿತು, ಸರಣಿ 2-2 ಆಯ್ತು. ಮುಂಬೈನಲ್ಲಿ ಕೊನೆಯ ಟೆಸ್ಟ್ ಸೋತೆವು, ಅದು ಬೇರೆ ವಿಷಯ.

ಇನ್ನೊಂದು ಸ್ವಾರಸ್ಯ: ಆ 14 ಶತಕಗಳಲ್ಲಿ ಒಂದೂ ಸೋತ ಟೆಸ್ಟಲ್ಲಿ ಬಂದದ್ದಲ್ಲ. 1976ರಲ್ಲಿ ಪೋರ್ಟ್ ಆಫ್ ಸ್ಪೇನಲ್ಲಿ 403 ಬೆನ್ನಟ್ಟಿ ಗೆದ್ದಾಗ 112, 1981ರಲ್ಲಿ ಮೆಲ್ಬೋರ್ನಲ್ಲಿ ಭಾರತ 237ಕ್ಕೆ ಮುಗಿದಾಗ 114. ಆ ಪಂದ್ಯದಲ್ಲಿ ಆಸ್ಟ್ರೇಲಿಯಾವನ್ನ 83ಕ್ಕೆ ಉರುಳಿಸಿದ ಕಪಿಲ್ ಎಲ್ಲರಿಗೂ ನೆನಪಿದ್ದಾರೆ, ಈ 114 ಯಾರಿಗೂ ಇಲ್ಲ.

ನಾಯಕತ್ವದ ಕಥೆ ಬೇರೆ. 1980ರ ಮುಂಬೈ ಜ್ಯುಬಿಲಿ ಟೆಸ್ಟಲ್ಲಿ ಇಂಗ್ಲೆಂಡ್ 58ಕ್ಕೆ 5 ಕಳೆದುಕೊಂಡಿತ್ತು. ಆಮೇಲೆ ಕೀಪರ್ ಕ್ಯಾಚ್ ಅಂತ ಅಂಪೈರ್ ಬಾಬ್ ಟೇಲರ್‌ಗೆ ಔಟ್ ಕೊಟ್ಟರು. ಬ್ಯಾಟಿಗೆ ತಾಗಿಲ್ಲ ಅಂತ ವಿಶಿ ವಾಪಸ್ ಕರೆಸಿದರು. ಟೇಲರ್ ಬೋಥಮ್ ಜೊತೆ 171 ರನ್ ಸೇರಿಸಿದರು, ಭಾರತ 10 ವಿಕೆಟ್‌ನಿಂದ ಸೋತಿತು. ಅದು ಪೆದ್ದುತನ ಅಂತ ವಾದಿಸೋರು ಇದ್ದಾರೆ. ನನಗಂತೂ ಹಾಗನ್ನಿಸಲ್ಲ. ಔಟಲ್ಲ ಅಂತ ಗೊತ್ತಿದ್ದೂ ಸುಮ್ಮನಿದ್ದು ಗೆದ್ದಿದ್ದರೆ, ಅವರು ವಿಶಿ ಆಗ್ತಿರಲಿಲ್ಲ.

1982ರಲ್ಲಿ ಮದ್ರಾಸಲ್ಲಿ 222 ಹೊಡೆದರು. ಮರುವರ್ಷ ಪಾಕಿಸ್ತಾನ ಪ್ರವಾಸದ ಕರಾಚಿ ಟೆಸ್ಟೇ ಅವರ ಕೊನೆಯದು. ಇನ್ನು ಗವಾಸ್ಕರ್ ತಮ್ಮ ಮಗನಿಗೆ ರೋಹನ್ ಜೈವಿಶ್ವ ಅಂತ ಹೆಸರಿಟ್ಟಿದ್ದಾರೆ: ಕನ್ಹಾಯ್, ಜೈಸಿಂಹ, ಮತ್ತೆ ನಮ್ಮ ವಿಶ್ವನಾಥ್.